ಅಪ್ಪನ ಆಟೋದ ಹಿಂದಿನ ಶಂಕರ್ ನಾಗ್

ನಾನು ಈ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದಾಗ ನಮ್ಮಪ್ಪ ಶ್ರೀನಿವಾಸಪುರದಲ್ಲಿ ಆಟೋ ಓಡಿಸುತ್ತಿದ್ದರು. ಆಟೋದ ಹಿಂದೆ ಶಂಕರ್ ನಾಗ್ ಚಿತ್ರವಿತ್ತು. ಬೆಳಿಗ್ಗೆ ನನ್ನನ್ನು ಬಿಡಲು ಬಂದರೆ ಗೇಟಿನವರೆಗೆ ಬೇಡ, ತಿರುವಿನಲ್ಲೇ ಇಳಿಸು ಎನ್ನುತ್ತಿದ್ದೆ. ಯಾರೂ ನನ್ನನ್ನು ಆಡಿಕೊಂಡಿರಲಿಲ್ಲ. ನಾಚಿಕೆ ನನ್ನದೇ. ಅಪ್ಪ ಏನೂ ಕೇಳದೆ ಅಲ್ಲೇ ಇಳಿಸಿ ಹೋಗುತ್ತಿದ್ದರು.

ಅಪ್ಪನಿಗೆ ಶಂಕರ್ ನಾಗ್ ಎಂದರೆ 1980ರ 'ಆಟೋ ರಾಜ'. ತಮ್ಮ ಕಸುಬಿಗೆ ಮರ್ಯಾದೆ ತಂದುಕೊಟ್ಟ ಮನುಷ್ಯ. ನನಗೆ ಅವರ ಪರಿಚಯ ಆದದ್ದು ಪಕ್ಕದ ಮನೆಯ ಟಿವಿಯಲ್ಲಿ. ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಮರುಪ್ರಸಾರವಾಗುತ್ತಿತ್ತು. ಅದನ್ನು ಮಾಡಿದವರೂ ಆಟೋದ ಹಿಂದಿನವರೂ ಒಬ್ಬರೇ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮೊದಲ ಕನ್ನಡ ಚಿತ್ರ. ಅದರ ನಟನೆಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಮೇಲೆ ನಿಂತದ್ದೇ ಇಲ್ಲ. 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್' ನಿರ್ದೇಶಿಸಿದರು. ನಡುವೆ ಹೊಡೆದಾಟದ ಚಿತ್ರಗಳಲ್ಲೂ ನಟಿಸಿದರು, ಪತ್ನಿ ಅರುಂಧತಿಯವರೊಡನೆ ನಾಟಕ ತಂಡವನ್ನೂ ನಡೆಸಿದರು.

ಮಾಲ್ಗುಡಿಯ ವಿಷಯ ಮಾತ್ರ ಬೇರೆ. ಆರ್. ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಚಿತ್ರೀಕರಣವಾದದ್ದು ಮಲೆನಾಡಿನ ಆಗುಂಬೆಯಲ್ಲಿ. ಟಿವಿಯಲ್ಲಿ ಮಕ್ಕಳು ಆಡುತ್ತಿದ್ದದ್ದು ಹಿಂದಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಿದ್ದ ನಮ್ಮ ಕಡೆಯ ಹುಡುಗರಿಗೆ ಅದರಲ್ಲಿ ಅರ್ಧ ಮಾತೂ ತಿಳಿಯುತ್ತಿರಲಿಲ್ಲ. ಆದರೂ ಆ ಜಗಲಿ, ಆ ಅಜ್ಜಿ, ಅಪ್ಪನ ಕೆಮ್ಮು ಕೇಳಿದೊಡನೆ ಪುಸ್ತಕ ಹಿಡಿಯುವ ಹುಡುಗ, ಎಲ್ಲ ನಮ್ಮದೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಬಿಗಿಮುಖದ ತಂದೆಯಾಗಿ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾದರೆ ಬೀದಿಯಲ್ಲಿದ್ದವರೂ ಒಳಗೆ ಓಡಿಬರುತ್ತಿದ್ದೆವು.

ನಾರಾಯಣರ ಕತೆಯಲ್ಲಿ ಸ್ವಾಮಿಗೆ ಅಪ್ಪ ಹತ್ತು ಮಾವಿನಹಣ್ಣಿನ ಲೆಕ್ಕ ಕೊಡುತ್ತಾರೆ. ಹುಡುಗನಿಗೆ ಬರುವ ಯೋಚನೆ, ಹಣ್ಣು ಮಾಗಿದೆಯೋ ಇಲ್ಲವೋ ಎಂದು. ಶ್ರೀನಿವಾಸಪುರದ ಮಂಡಿ ಕಂಡವರಿಗೆ ಇದರಲ್ಲಿ ನಗಲು ಏನೂ ಇಲ್ಲ. ಅದು ಗೊತ್ತಾಗದೆ ಬೆಲೆ ಹೇಗೆ ಕಟ್ಟುವುದು? ಹುಡುಗರ ಇಂಥ ತಲೆಯನ್ನು ದೊಡ್ಡವರ ಬುದ್ಧಿವಾದ ಬೆರೆಸದೆ ತೆರೆಗೆ ತಂದದ್ದೇ ಶಂಕರ್ ಅವರ ದೊಡ್ಡಸ್ತಿಕೆ ಎಂದು ನನ್ನ ಅಭಿಪ್ರಾಯ. ಈಗಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಮಕ್ಕಳು ದೊಡ್ಡವರ ಹಾಗೆ ಕುಣಿಯುವುದನ್ನು ನೋಡಿದಾಗ ಇದು ನೆನಪಾಗುತ್ತದೆ.

ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ನಂದಿಬೆಟ್ಟಕ್ಕೆ ರೋಪ್‌ವೇ ಹಾಕಿಸುವ ಯೋಜನೆಯನ್ನೂ ಅವರು ಹಿಡಿದುಕೊಂಡು ಓಡಾಡಿದ್ದರು. ಅವರ ಕಾಲದಲ್ಲಿ ಅದು ಆಗಲಿಲ್ಲ. ಒಂದು ಪ್ರಾಜೆಕ್ಟ್ ಮುಗಿಸಲು ವರ್ಷಗಟ್ಟಲೆ ಮೀಟಿಂಗ್ ಮಾಡುವ ನನ್ನಂಥವನಿಗೆ ಅವರ ವೇಗ ನೆನೆದರೆ ಸುಸ್ತಾಗುತ್ತದೆ.

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೋಗುವಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಯಿತು. ಶಂಕರ್ ಉಳಿಯಲಿಲ್ಲ. ವಯಸ್ಸು 35. ಈಗ ನನಗೂ ಅಷ್ಟೇ ಆಗಿದೆ.

ಅವರ ನೆನಪಿಗೆ ಅರುಂಧತಿ ನಾಗ್ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಟ್ಟಿಸಿದ 'ರಂಗ ಶಂಕರ' 2004ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಮಕ್ಕಳ ನಾಟಕಗಳೂ ನಡೆಯುತ್ತವೆ. ಒಮ್ಮೆ ಮಗಳ ಜೊತೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ನಾಟಕ ಮುಗಿದ ಮೇಲೆ ಅಪ್ಪ ಹೊರಗೆ ನಿಂತು ಆ ಹೆಸರನ್ನೇ ನೋಡುತ್ತಿದ್ದರು. ಕರೆದರೂ ಬೇಗ ಬರಲಿಲ್ಲ.

ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆ ಊರಿಗೆ ಬಂದಿದ್ದ ದಿನ ಅಪ್ಪನೇ ಆಟೋದಲ್ಲಿ ಶಾಲೆಗೆ ಬಿಟ್ಟರು. ಆಟೋ ಬದಲಾಗಿದೆ, ಹಿಂದಿನ ಚಿತ್ರ ಅವರದೇ. ತಿರುವು ಬಂದಾಗ ಹಳೆಯ ಅಭ್ಯಾಸದಂತೆ ನಿಧಾನ ಮಾಡಿದರು. ಗೇಟಿನವರೆಗೂ ಹೋಗಪ್ಪ ಎಂದೆ.