ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು

ಕೈಯಲ್ಲಿ ದೀಪ ಹಿಡಿದು ಗಾಯಪಟ್ಟ ಸಿಪಾಯಿಗಳ ಮಂಚಗಳ ನಡುವೆ ನಡೆಯುವ ಒಬ್ಬ ಅಮ್ಮನವರ ಚಿತ್ರವನ್ನು ನಿಮ್ಮಲ್ಲಿ ಅನೇಕರು ಆಸ್ಪತ್ರೆಯ ಗೋಡೆಯ ಮೇಲೆ ನೋಡಿರಬಹುದು. ಅವರೇ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು. ಆ ದೀಪದ ಕೆಲಸವು ಎರಡು ವರುಷವೂ ತುಂಬಲಿಲ್ಲ. ಅದಾದ ಮೇಲೆ ಅವರು 54 ವರುಷ ಬದುಕಿದರು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಮ್ಮ ಮನೆಗಳಿಗೆ ಹೆಚ್ಚಾಗಿ ಸಂಬಂಧಪಟ್ಟದ್ದು ಅನಂತರದ ಕೆಲಸವೇ ಆದದರಿಂದ ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಅವರು 1820ನೇ ಇಸವಿ ಮೇ ತಿಂಗಳ 12ನೇ ತಾರೀಖಿನಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದರು. 1837ರಲ್ಲಿ, 16 ವರುಷದವರಾಗಿದ್ದಾಗ, ದೇವರು ತಮ್ಮನ್ನು ಸೇವೆಗೆ ಕರೆದನೆಂದು ನಂಬಿದರು. ಯಾವ ಸೇವೆ ಎಂಬದು ತಿಳಿಯಲು ಅನೇಕ ವರುಷಗಳು ಹಿಡಿದವು. ರೋಗಿಗಳ ಶುಶ್ರೂಷೆಯೇ ಎಂದು ನಿಶ್ಚಯವಾದಾಗ ತಾಯಿಯೂ ಅಕ್ಕನೂ ಬಹಳ ಅಡ್ಡಿಮಾಡಿದರು. ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯರೆಂದರೆ ಕುಡುಕಿಯರು, ಗತಿಯಿಲ್ಲದವರು ಎಂಬ ಅಪಕೀರ್ತಿ ಇತ್ತು. ಕಡೆಗೆ 1851ರಲ್ಲಿ ಅವರು ಜರ್ಮನಿಯ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವರ್ತ್ ಎಂಬ ಊರಿಗೆ ಹೋಗಿ, ಫ್ಲೀಡ್ನರ್ ಪಾದ್ರಿಯವರು 1836ರಲ್ಲಿ ಸ್ಥಾಪಿಸಿದ್ದ ಪ್ರಾಟೆಸ್ಟೆಂಟ್ ಸಹೋದರಿಯರ ಮನೆಯಲ್ಲಿ ಮೂರು ತಿಂಗಳು ಕೆಲಸ ಕಲಿತರು.

1854ರಲ್ಲಿ ಕ್ರಿಮಿಯದ ಯುದ್ಧ ನಡೆಯುತ್ತಿರಲಾಗಿ, ಸರಕಾರದವರು ಅವರನ್ನು 38 ಮಂದಿ ದಾದಿಯರ ಸಂಗಡ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಗುಂಡಿನ ಗಾಯದಿಂದ ಸತ್ತವರಿಗಿಂತ ಭೇದಿ, ಕಾಲರಾ, ಜ್ವರಗಳಿಂದ ಸತ್ತವರೇ ಬಹಳ ಹೆಚ್ಚು. ಅಮ್ಮನವರು ಹಗಲಿರುಳು ದುಡಿದರು. ಆದರೂ ಮೊದಲನೆಯ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ. 1855ರ ಮಾರ್ಚಿಯಲ್ಲಿ ಅಧಿಕಾರಿಗಳು ಬಂದು ಕಟ್ಟಡದ ಕೆಳಗೆ ಕೊಳೆತು ನಿಂತಿದ್ದ ಮೋರಿಗಳನ್ನು ತೊಳಿಸಿ, ಗೋಡೆಗಳಿಗೆ ಸುಣ್ಣ ಹೊಡಿಸಿ, ಗಾಳಿಗೆ ದಾರಿ ಮಾಡಿದ ಮೇಲೆ ಸಾವು ಬಹಳವಾಗಿ ಇಳಿಯಿತು. ಊರಿಗೆ ಹಿಂದಿರುಗಿ ಸತ್ತವರ ಲೆಕ್ಕಗಳನ್ನು ಕೂಡಿಸಿ ನೋಡಿದಾಗ ಇದರ ಪೂರ್ಣ ಅರ್ಥವು ಅವರಿಗೆ ತಿಳಿಯಿತು. ಪ್ರೀತಿಯಿಂದ ತಲೆ ಸವರಿದರೂ ಕೆಟ್ಟ ಗಾಳಿಯೂ ಕೆಟ್ಟ ನೀರೂ ಕೊಲ್ಲುವವು. ಈ ತಿಳುವಳಿಕೆಯು ಅವರನ್ನು ಎಷ್ಟು ನೋಯಿಸಿತೋ ಅಷ್ಟೇ ಬಲವಾಗಿ ಮುಂದಕ್ಕೆ ನಡಿಸಿತು ಎಂದು ನಾವು ಎಣಿಸುತ್ತೇವೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಪಾಠಶಾಲೆ ತೆರೆಯಿತು. ಅದೇ ಕಾಲದಲ್ಲಿ ಶುಶ್ರೂಷೆಯನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಅದು ದಾದಿಯರಿಗಿಂತ ಹೆಚ್ಚಾಗಿ ಮನೆಯ ಹೆಂಗಸರಿಗಾಗಿಯೇ ಬರೆದದ್ದು. 1861ರಲ್ಲಿ ಕೂಲಿಯವರಿಗೆಂದು ಅಗ್ಗದ ಪ್ರತಿಯನ್ನೂ ಅಚ್ಚುಹಾಕಿಸಿ, ಕೂಸನ್ನು ನೋಡಿಕೊಳ್ಳುವ ಹುಡುಗಿಯರಿಗಾಗಿ ಒಂದು ಅಧ್ಯಾಯವನ್ನು ಕೂಡಿಸಿದರು. ಶುದ್ಧವಾದ ಗಾಳಿ, ಶುದ್ಧವಾದ ನೀರು, ಹರಿದುಹೋಗುವ ಮೋರಿ, ಚೊಕ್ಕಟತನ, ಬೆಳಕು, ಈ ಐದು ಮನೆಗೆ ಬೇಕೆಂಬದೇ ಅವರ ಉಪದೇಶ. ನಮ್ಮಲ್ಲಿ ಹೆಂಗಸು ಹಡೆದ ಕೂಡಲೆ ಕಿಟಕಿ ಮುಚ್ಚಿ, ಕುಳ್ಳಿನ ಬೆಂಕಿ ಇಟ್ಟು, ಬಾಣಂತಿಯನ್ನೂ ಕೂಸನ್ನೂ ಹೊಗೆಯಲ್ಲಿ ಮಲಗಿಸುವದುಂಟಷ್ಟೆ. ರೋಗಿಯು ಬೆಚ್ಚಗಿರಬೇಕು, ಆದರೆ ಕೋಣೆಯ ಗಾಳಿಯು ಹೊರಗಿನ ಗಾಳಿಯಂತೆ ನಿರ್ಮಲವಾಗಿರಬೇಕು ಎಂಬದೇ ಅಮ್ಮನವರ ಮೊದಲನೆಯ ವಿಧಿ. ಸೂಕ್ಷ್ಮಜೀವಿಗಳಿಂದ ರೋಗ ಹರಡುವದೆಂಬದನ್ನು ಅವರು ಬಹುಕಾಲ ಒಪ್ಪಲಿಲ್ಲವೆಂಬದೂ ನಿಜ. ಹಾಗಿದ್ದರೂ ಈ ಐದು ಮಾತುಗಳು ಸುಳ್ಳಾಗಲಿಲ್ಲ.

ರೋಗಿಯ ಶುಶ್ರೂಷೆ ಬೇರೆ, ಆರೋಗ್ಯದ ಶುಶ್ರೂಷೆ ಬೇರೆ, ಎರಡನೆಯದನ್ನು ಪ್ರತಿಯೊಬ್ಬ ತಾಯಿಯೂ ಕಲಿಯಬೇಕು ಎಂದು ಅವರು 1893ರಲ್ಲಿ ಚಿಕಾಗೊ ಪ್ರದರ್ಶನಕ್ಕೆ ಬರೆದು ಕಳುಹಿಸಿದರು. ಬರೆದಷ್ಟಕ್ಕೇ ಬಿಡಲಿಲ್ಲ. 1892ರಿಂದಲೇ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಸೀಮೆಯ ಹಳ್ಳಿಗಳಲ್ಲಿ ಹೆಂಗಸರನ್ನು ಆರೋಗ್ಯ ಬೋಧಕಿಯರನ್ನಾಗಿ ತಯಾರುಮಾಡಿಸಿದರು. ವೈದ್ಯಾಧಿಕಾರಿಯು ಅವರಿಗೆ ಪಾಠ ಹೇಳಿ, ಹಳ್ಳಿಯ ಮನೆಗಳಿಗೆ ಕರೆದುಕೊಂಡು ಹೋಗಿ ತೋರಿಸಿ, ಪರೀಕ್ಷೆ ಮಾಡಿದನು. ಅವರು ಮನೆಯವರ ಮೇಲೆ ಅಧಿಕಾರಿಣಿಯರಂತೆ ದಬ್ಬಾಳಿಕೆ ಮಾಡದೆ, ತಾಯಂದಿರ ಸ್ನೇಹ ಸಂಪಾದಿಸಿ, ಬರೀ ಮಾತಿನಿಂದಲ್ಲದೆ ಕೈಯಿಂದ ಮಾಡಿ ತೋರಿಸಬೇಕೆಂದು ಅಮ್ಮನವರು ಕೇಳಿಕೊಂಡರು. ಬೈದು ಕಲಿಸಿದ ಪಾಠವು ದಾದಿಯು ಅಂಗಳ ದಾಟುವ ವರೆಗೆ ಮಾತ್ರ ನಿಲ್ಲುವದೆಂಬದನ್ನು ನಮ್ಮ ಹಳ್ಳಿಗಳಲ್ಲಿ ಯಾರು ಅರಿಯರು?

ಹಿಂದೂಸ್ಥಾನಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡಿನಲ್ಲಿ ಇಂಗ್ಲಿಷ್ ಸಿಪಾಯಿಗಳು ವರುಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದ ಲೆಕ್ಕವನ್ನು 1863ರಲ್ಲಿ ಪ್ರಸಿದ್ಧಪಡಿಸಿದ ಆಯೋಗಕ್ಕೆ ಬಹಳ ದುಡಿದರು. ಮೊದಲು ದಂಡಿಗಾಗಿ ಆರಂಭಿಸಿದ ಚಿಂತೆಯು ಬರಬರುತ್ತಾ ರೈತರ ಕಡೆಗೆ ತಿರುಗಿತು. ಪುಣೆಯ ಸಾರ್ವಜನಿಕ ಸಭೆಯವರ ಸಂಗಡ ಪತ್ರವ್ಯವಹಾರ ನಡಿಸಿದರು. 1894ರಲ್ಲಿ ಇಲ್ಲಿನ ಹಳ್ಳಿಗಳ ನೈರ್ಮಲ್ಯವನ್ನು ಕುರಿತೂ 1896ರಲ್ಲಿ ಹಳ್ಳಿಗಳಿಗೆ ಬೇಕಾದ ಆರೋಗ್ಯ ಬೋಧಕರನ್ನು ಕುರಿತೂ ಬರೆದರು. ನಮ್ಮ ಮೂರು ತಾಲ್ಲೂಕುಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದವು. 2005ರಲ್ಲಿ ಸರಕಾರದವರು ಆಶಾ ಕಾರ್ಯಕರ್ತೆಯರನ್ನು ನೇಮಿಸುವ ಯೋಜನೆಯನ್ನು ಆರಂಭಿಸಿದರು. ಭೀಮಾ ತೀರದ ಹಳ್ಳಿಯಲ್ಲಿ ಮಳೆಗಾಲದ ಕೆಂಪು ನೀರನ್ನು ಕಾಯಿಸಿ ಆರಿಸಿ ಕುಡಿಯಿರೆಂದು ಇಂದು ಮನೆಮನೆಗೆ ಹೇಳುವವಳು ಆ ಊರಿನ ಸೊಸೆಯೇ ಆಗಿದ್ದಾಳೆ.

ಇಷ್ಟು ಕೆಲಸವನ್ನು ಅವರು ಬಹುಮಟ್ಟಿಗೆ ರೋಗದ ಹಾಸಿಗೆಯಿಂದಲೇ ಮಾಡಿದರೆಂಬದು ಆಶ್ಚರ್ಯ. 1857ರಿಂದ ದೇಹವು ಕುಂದಿತು. ಮುಪ್ಪಿನಲ್ಲಿ ಕಣ್ಣೂ ಹೋಯಿತು. 1907ರಲ್ಲಿ ಅರಸನು ಕೊಟ್ಟ ಆರ್ಡರ್ ಆಫ್ ಮೆರಿಟ್ ಎಂಬ ಗೌರವವನ್ನು ಹೆಂಗಸರಲ್ಲಿ ಮೊದಲು ಹೊಂದಿದವರು ಅವರೇ. 1910ನೇ ಇಸವಿ ಆಗಸ್ಟ್ 13ನೇ ತಾರೀಖಿನಲ್ಲಿ, 90 ವರುಷದವರಾಗಿ, ನಿದ್ರೆಹೋದರು. ಹಿಂದಿನ ಅರಸರನ್ನು ಹೂಣಿಟ್ಟಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುತ್ತೇವೆಂದರೂ ಮನೆಯವರು ಒಪ್ಪದೆ, ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ತಂದೆತಾಯಿಗಳ ಬಳಿಯಲ್ಲಿ ಅವರನ್ನು ಹೂಣಿಟ್ಟರು. ಕಲ್ಲಿನ ಮೇಲೆ ಪೂರ್ಣ ಹೆಸರೂ ಇಲ್ಲ. ಹೆಸರಿನ ಮೊದಲ ಎರಡು ಅಕ್ಷರಗಳೂ ಹುಟ್ಟಿದ ಸತ್ತ ವರುಷಗಳೂ ಇವೆ.