ಫಡೆಪ್ಪ ಚೌಗುಲೆ: ಒಲಿಂಪಿಕ್ ಮ್ಯಾರಥಾನ್ ಓಡಿದ ಬೆಳಗಾವಿಯ ಹವ್ಯಾಸಿ

ಬೆಳಗಾವಿಯಿಂದ ಖಾನಾಪುರಕ್ಕೆ ರಸ್ತೆಯಲ್ಲಿ ಸುಮಾರು 26 ಕಿಲೋಮೀಟರ್. ಬಸ್ಸಿನಲ್ಲಿ ಕುಳಿತವನಿಗೆ ಅದು ಒಂದು ಸಣ್ಣ ತೂಕಡಿಕೆಯ ದೂರ. ಅದೇ ದಾರಿಯನ್ನು ಓಡಿಕೊಂಡು ಹೋಗಿ, ಮಲಪ್ರಭೆಯ ದಡ ಮುಟ್ಟಿ, ಅಲ್ಲಿ ನಿಲ್ಲದೆ ಹಿಂದಿರುಗಿ ಮತ್ತೆ ಹದಿನಾರು ಹದಿನೇಳು ಕಿಲೋಮೀಟರ್ ಓಡಿ ಬರುವುದನ್ನು ಊಹಿಸಿಕೊಂಡರೆ, 1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಬೆಳಗಾವಿಯ ಯುವಕನೊಬ್ಬ ಮಾಡಿದ ಕೆಲಸದ ಅಂದಾಜು ಸಿಗುತ್ತದೆ. ಅಂದು ಆತ ಓಡಿದ್ದು 42.75 ಕಿಲೋಮೀಟರ್. ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಪಡೆದ ಸ್ಥಾನ 19.

ಆ ಯುವಕನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ ದಾಖಲೆಗಳಲ್ಲಿ ಈ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ನಾನಾ ಬಗೆಯಾಗಿ ಕಾಣಿಸಿಕೊಂಡಿದೆ. ಆದರೆ ತಂದೆ ಮಗ ಇಬ್ಬರ ಹೆಸರಿನ ಕೊನೆಗೂ ಇರುವ ಆ ‘ಅಪ್ಪ’ ಎಂಬ ಎರಡಕ್ಷರ, ಇದು ನಮ್ಮ ಉತ್ತರ ಕರ್ನಾಟಕದ ನೆಲದ ಹೆಸರೆಂಬುದನ್ನು ಯಾವ ಕಾಗುಣಿತದಲ್ಲಿಯೂ ಮರೆಮಾಚಲು ಬಿಡುವುದಿಲ್ಲ.

ಚೌಗುಲೆಯವರು ಜನಿಸಿದ್ದು 1902ರಲ್ಲಿ. ಅಂದಿನ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. ಒಂದು ಕಡೆ ಆಂಗ್ಲ ಸೈನ್ಯದ ಕ್ಯಾಂಪು, ಅದರ ಅಚ್ಚುಕಟ್ಟಾದ ಬಯಲುಗಳು, ಅಧಿಕಾರಿಗಳ ಸಂಜೆಯ ಆಟಗಳು. ಇನ್ನೊಂದು ಕಡೆ ಊರಿನ ಗರಡಿಮನೆಗಳು, ಜಾತ್ರೆಯ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂಥ. ಆಟವೆಂಬುದು ಇಲ್ಲಿ ಯಾರೂ ಹೊರಗಿನಿಂದ ತಂದುಕೊಟ್ಟ ವಸ್ತುವಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮೈ ತಾನಾಗಿಯೇ ಹುಡುಕುವ ಸಂತೋಷವಾಗಿತ್ತು. ಗೆದ್ದವನಿಗೆ ಒಂದು ಪೇಟ, ಒಂದು ತೆಂಗಿನಕಾಯಿ, ಊರವರ ಸಿಳ್ಳೆ. ಹವ್ಯಾಸಿ ಕ್ರೀಡೆ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಬೇಕಿಲ್ಲ.

ಪುಣೆಯ ಬಯಲಿನಲ್ಲಿ

ಇಂತಹ ಓಟಗಾರರು ಜಗತ್ತಿನ ಕಣ್ಣಿಗೆ ಬಿದ್ದದ್ದು ಪುಣೆಯಲ್ಲಿ. 1906ರಲ್ಲಿ ಸ್ಥಾಪನೆಗೊಂಡ ಡೆಕ್ಕನ್ ಜಿಮ್‌ಖಾನಾ ಪ್ರತಿ ವರ್ಷ ಕ್ರೀಡಾಕೂಟ ನಡೆಸುತ್ತಿತ್ತು. ಅದರ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಇಂಗ್ಲೆಂಡಿನಲ್ಲಿ ಓದಿ, ಅಲ್ಲಿನ ಮೈದಾನಗಳನ್ನು ಕಂಡು ಬಂದಿದ್ದ ಟಾಟಾ ಅವರಿಗೆ ಪುಣೆಯ ಕೂಟದಲ್ಲಿ ಎರಡು ಬಗೆಯ ಆಶ್ಚರ್ಯ ಕಾದಿತ್ತು.

ಮೊದಲನೆಯದು ನಗು ತರಿಸುವಂಥದು. ಜಾಗ ಸಾಲದೆಂದು ನೂರು ಗಜದ ಓಟವನ್ನು ತಿರುವಿನಲ್ಲಿ ಓಡಿಸುವ ಏರ್ಪಾಡಾಗಿತ್ತು. ಓಟಗಾರರನ್ನು ಬೇರ್ಪಡಿಸುವ ಹಗ್ಗವೂ ಇರಲಿಲ್ಲ. ಆ ಅಲ್ಪ ದೂರಕ್ಕೆ ಎಷ್ಟು ಕಾಲ ಬೇಕೆಂದು ವಿಚಾರಿಸಿದಾಗ, ಸಂಘಟಕರು ಸೆಕೆಂಡುಗಳ ಬದಲು ನಿಮಿಷಗಳ ಲೆಕ್ಕ ಹೇಳಿದರಂತೆ. ಓಟವೆಂದರೆ ಓಟ, ಅದಕ್ಕೆ ಗಡಿಯಾರದ ಹಂಗೇಕೆ ಎಂಬುದು ಅಲ್ಲಿನವರ ಸರಳ ನಂಬಿಕೆ.

ಎರಡನೆಯದು ನಗುವಂಥದಲ್ಲ. ಕೂಟದ ಅತ್ಯಂತ ಜನಪ್ರಿಯ ಸ್ಪರ್ಧೆ ಸುಮಾರು 25 ಮೈಲಿಯ ದೀರ್ಘ ಓಟ. ಅದರಲ್ಲಿ ಭಾಗವಹಿಸುತ್ತಿದ್ದವರು ಬಹುಮಟ್ಟಿಗೆ ಹೊಲದಲ್ಲಿ ದುಡಿಯುವ ಹುಡುಗರು. ಉಣ್ಣುವ ಅನ್ನ ಸಾಧಾರಣ, ತರಬೇತಿ ಶೂನ್ಯ, ಕಾಲಿಗೆ ಬೂಟು ಇಲ್ಲ. ಕಡಿ ಹಾಕಿದ ಗಟ್ಟಿ ರಸ್ತೆಯಲ್ಲಿ ಬರಿಗಾಲಿನಲ್ಲಿ ಓಡಿ ಮೊದಲು ಬಂದವರ ಕಾಲವನ್ನು ಲೆಕ್ಕ ಹಾಕಿದರೆ, ಅದು ಯುರೋಪಿನ ಓಟಗಾರರ ಕಾಲಕ್ಕೆ ಹೋಲಿಸುವಷ್ಟು ಉತ್ತಮವಾಗಿತ್ತು. 1919ರ ಕೂಟವನ್ನು ಕಂಡ ಮೇಲೆ ಟಾಟಾ ಅವರ ಮನಸ್ಸಿನಲ್ಲಿ ಒಲಿಂಪಿಕ್ಸ್‌ನ ಯೋಚನೆ ಬಲಿಯಿತು. ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಜಾರ್ಜ್ ಲಾಯ್ಡ್ ಅವರ ಬೆಂಬಲ ದೊರೆಯಿತು. ಆಯ್ಕೆಯ ಸ್ಪರ್ಧೆಗಳು ನಡೆದವು. ವೆಚ್ಚದ ಒಂದು ಪಾಲನ್ನು ಟಾಟಾ ಸ್ವಂತ ಹಣದಿಂದಲೇ ಭರಿಸಿದರು.

ಆಯ್ಕೆಯಾದವರು ಆರು ಜನ. ಓಟಕ್ಕೆ ಬಂಗಾಳದ ಪೂರ್ಣಚಂದ್ರ ಬ್ಯಾನರ್ಜಿ, ಸದಾಶಿವ ದಾತಾರ್, ಕೈಕಾಡಿ ಮತ್ತು ಬೆಳಗಾವಿಯ ಚೌಗುಲೆ. ಕುಸ್ತಿಗೆ ನವಲೆ ಮತ್ತು ಶಿಂಧೆ. 1900ರಲ್ಲಿ ಪ್ಯಾರಿಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಓಡಿ ಎರಡು ಬೆಳ್ಳಿ ಪದಕ ಗೆದ್ದಿದ್ದುಂಟು. ಆದರೆ ಭಾರತದಿಂದ ತಂಡವೆಂದು ಹೊರಟದ್ದು ಇದೇ ಮೊದಲು. ಇವರಲ್ಲಿ ಯಾರೊಬ್ಬರಾದರೂ ಮರ್ಯಾದೆಯಿಂದ ಓಟ ಮುಗಿಸದಿದ್ದರೆ, ಭಾರತೀಯರಿಗೆ ಇದೆಲ್ಲ ಆಗದ ಮಾತು ಎಂದು ತೀರ್ಪು ಕೊಡಲು ಕಾದಿದ್ದವರಿಗೆ ಕೊರತೆಯಿರಲಿಲ್ಲ. ಹದಿನೆಂಟರ ಹರೆಯದ ಚೌಗುಲೆಯವರ ಹೆಗಲ ಮೇಲಿದ್ದ ಹೊರೆ ಇದು.

1920ರ ಜೂನ್‌ನಲ್ಲಿ ತಂಡ ಮುಂಬಯಿಯಿಂದ ಹಡಗು ಹತ್ತಿತು. ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಜ್ ಮೈದಾನದಲ್ಲಿ ಕೆಲವು ವಾರಗಳ ತರಬೇತಿ ನಡೆಯಿತು. ಅವರು ಪರದೇಶದಲ್ಲಿದ್ದಾಗಲೇ, ಆಗಸ್ಟ್ 1ರಂದು, ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ನಿಧನರಾದರು. 1916ರಲ್ಲಿ ಇದೇ ಬೆಳಗಾವಿಯಲ್ಲಿ ಹೋಂರೂಲ್ ಲೀಗ್ ಆರಂಭಿಸಿದ ನಾಯಕ ಅವರು. ಊರು ಶೋಕದಲ್ಲಿದ್ದ ತಿಂಗಳಲ್ಲಿಯೇ ಊರಿನ ಹುಡುಗ ಓಡಬೇಕಾಗಿತ್ತು.

ಯಾರು ಹವ್ಯಾಸಿ?

ಇಲ್ಲೊಂದು ಮಾತನ್ನು ಹೇಳಲೇಬೇಕು. ಆ ಕಾಲದ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಮೀಸಲು. ಕೇಳಲು ಸುಂದರವಾದ ಈ ನಿಯಮದ ಒಳಗೆ ವರ್ಗಭೇದದ ಒಂದು ಮುಳ್ಳು ಅಡಗಿತ್ತು. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್, ಹಿಂದೊಮ್ಮೆ ಬೇಸ್‌ಬಾಲ್ ಆಡಿ ಅಲ್ಪ ಸಂಭಾವನೆ ಪಡೆದಿದ್ದರೆಂಬ ಕಾರಣಕ್ಕೆ ಪದಕ ಕಳೆದುಕೊಂಡರು. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯ ನಿಯಮದಂತೆ ಮೈಬಗ್ಗಿಸಿ ದುಡಿಯುವವನು ಹವ್ಯಾಸಿಯೇ ಅಲ್ಲ. 1920ರಲ್ಲಿ ಫಿಲಡೆಲ್ಫಿಯಾದ ಇಟ್ಟಿಗೆ ಕೆಲಸಗಾರ ಜಾನ್ ಕೆಲ್ಲಿ ಅವರಿಗೆ ಹೆನ್ಲಿ ಪ್ರವೇಶ ನಿರಾಕರಿಸಿತು. ಅದೇ ಬೇಸಿಗೆಯಲ್ಲಿ ಆಂಟ್ವರ್ಪ್‌ಗೆ ಹೋದ ಕೆಲ್ಲಿ ಒಲಿಂಪಿಕ್ ಚಿನ್ನ ಗೆದ್ದು ಸೇಡು ತೀರಿಸಿಕೊಂಡರು. ಗಾಲ್ಫ್‌ನಲ್ಲಿ ಅಮೆರಿಕದ ಬಾಬ್ಬಿ ಜೋನ್ಸ್ ಹಣ ಮುಟ್ಟದೆ ಆಡಿ, 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾ ಪ್ರಶಸ್ತಿ ಗೆದ್ದು, 28ನೇ ವಯಸ್ಸಿಗೇ ನಿವೃತ್ತರಾದರು. ಕಾನೂನು ಕಲಿತ ಅವರು ಹಣವಿಲ್ಲದೆ ಆಡಿದರೆ ಅದು ಘನತೆ. ಡೆಕ್ಕನ್ ಬಯಲಿನ ರೈತರ ಮಕ್ಕಳು ಹಣವಿಲ್ಲದೆ ಓಡಿದರೆ ಅದು ನಿತ್ಯದ ಬದುಕು. ನಿಯಮ ಬರೆದವರಿಗೆ ಈ ಎರಡನೆಯ ಬಗೆಯ ಹವ್ಯಾಸಿಯ ಕಲ್ಪನೆಯೇ ಇರಲಿಲ್ಲ.

ಆಂಟ್ವರ್ಪ್ ಅಂದು ಮಹಾಯುದ್ಧದ ಗಾಯ ಇನ್ನೂ ಮಾಯದ ನಗರ. ಐದು ಉಂಗುರಗಳ ಧ್ವಜ ಮೊದಲ ಬಾರಿಗೆ ಹಾರಿದ್ದೂ, ಕ್ರೀಡಾಪಟುಗಳ ಪ್ರತಿಜ್ಞೆ ಮೊದಲ ಬಾರಿಗೆ ಕೇಳಿಬಂದದ್ದೂ ಆ ಕೂಟದಲ್ಲಿಯೇ. ಮ್ಯಾರಥಾನ್‌ಗೆ ಕೆಲವೇ ದಿನ ಮೊದಲು ಚೌಗುಲೆಯವರು 10,000 ಮೀಟರ್ ಓಟದಲ್ಲಿಯೂ ಕಣಕ್ಕಿಳಿದು, ಅಂತಿಮ ಸುತ್ತು ತಲುಪಲಾಗದೆ ಹೊರಬಿದ್ದಿದ್ದರು. ಹದಿನೆಂಟರ ಹುಡುಗನ ಎದೆಗುಂದಿಸಲು ಅಷ್ಟು ಸಾಕಿತ್ತು.

ಆದರೆ 22ರಂದು ವಾತಾವರಣವೇ ಬೇರೆ. ತಂಪು ಹವೆ, ಮಳೆ, ತೊಯ್ದ ರಸ್ತೆ. ಶ್ರಾವಣದ ಬೆಳಗಾವಿಯನ್ನು ಬಲ್ಲವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಖಾನಾಪುರದ ಕಡೆಯಿಂದ ಮೋಡ ತೇಲಿಬಂದು ಇಡೀ ದಿನ ಜಿಟಿಜಿಟಿ ಸುರಿಯುವ ಕಾಲ ಅದು. 48 ಮಂದಿ ಓಟ ಆರಂಭಿಸಿದರು. ಇಂದು ಮ್ಯಾರಥಾನ್ ದೂರ 42.195 ಕಿಲೋಮೀಟರ್ ಎಂದು ಖಚಿತವಾಗಿದೆ. ಅಂದಿನ ದಾರಿ ಅದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಒಲಿಂಪಿಕ್ ಇತಿಹಾಸದಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ.

ಮುಂದೆ ನಡೆದ ಕದನ ರೋಚಕ. ದಕ್ಷಿಣ ಆಫ್ರಿಕಾದ ಗಿಟ್‌ಶಾಮ್ ಆರಂಭದಲ್ಲಿ ಮುಂಚೂಣಿಯಲ್ಲಿದ್ದರೂ ಓಟ ಪೂರೈಸಲಾಗಲಿಲ್ಲ. ಫಿನ್ಲೆಂಡಿನ ಹಾನೆಸ್ ಕೋಲೆಹ್‌ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ಎಸ್ಟೋನಿಯಾದ ಯೂರಿ ಲಾಸ್‌ಮನ್ ಹಿಂದೆ ಬಿದ್ದದ್ದು ಕೇವಲ 13 ಸೆಕೆಂಡಿನಿಂದ. ಮೂರನೆಯವನಾಗಿ ಬಂದ ಇಟಲಿಯ ವಲೇರಿಯೊ ಆರ್ರಿ ಗುರಿ ದಾಟಿದೊಡನೆ ಸಂತೋಷ ತಾಳಲಾರದೆ ಮೂರು ಲಾಗ ಹಾಕಿದರು! ಎರಡೂವರೆ ಗಂಟೆ ಓಡಿದ ಮೇಲೂ ಮೈಯಲ್ಲಿ ಉಳಿದಿದ್ದ ಆ ಹುರುಪಿಗೆ ಯಾವ ಪದಕ ಸಮ?

ಗೆದ್ದವನು ಬಂದು 18 ನಿಮಿಷವಾದ ಮೇಲೆ ಚೌಗುಲೆಯವರು ಗುರಿ ಮುಟ್ಟಿದರು. ಮೈದಾನದ ದೃಷ್ಟಿಯಿಂದ ಅದು ದೊಡ್ಡ ಘಟನೆಯಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ, ಅವರು ಪ್ರತಿ ಕಿಲೋಮೀಟರನ್ನೂ ಸರಾಸರಿ ನಾಲ್ಕು ನಿಮಿಷಕ್ಕೆ ಓಡಿ ಮುಗಿಸಿದ್ದರು. ಇಂದು ವಿಶೇಷ ಬೂಟು, ಕೈಗಡಿಯಾರ, ಶಕ್ತಿಪೇಯಗಳ ನೆರವಿನಿಂದ ಓಡುವ ನಗರಗಳ ಹವ್ಯಾಸಿಗಳಿಗೆ ಮ್ಯಾರಥಾನನ್ನು ಮೂರು ಗಂಟೆಯೊಳಗೆ ಮುಗಿಸುವುದು ಜೀವಮಾನದ ಕನಸು. ಚೌಗುಲೆಯವರು ಅದಕ್ಕಿಂತ ಉದ್ದದ ದಾರಿಯನ್ನು ಆ ಗಡುವಿಗೆ ಒಂಬತ್ತು ನಿಮಿಷ ಉಳಿಸಿ ಮುಗಿಸಿದರು. ಹೊರಟ 48 ಮಂದಿಯಲ್ಲಿ ಕೊನೆ ಮುಟ್ಟಿದವರು 35. ಜೊತೆಗಾರ ದಾತಾರ್ ನಡುವೆಯೇ ಓಟ ಬಿಡಬೇಕಾಯಿತು. ಕುಸ್ತಿಯಲ್ಲಿ ಶಿಂಧೆ ನಾಲ್ಕನೆಯವರಾಗಿ, ಒಂದೇ ಮೆಟ್ಟಿಲಿನಿಂದ ಪದಕ ತಪ್ಪಿಸಿಕೊಂಡರು.

ಚೌಗುಲೆಯವರಿಗಿಂತ ಎರಡು ನಿಮಿಷ ಮೊದಲು, 16ನೆಯವರಾಗಿ ಬಂದವರು ಜಪಾನಿನ ಶಿಜೊ ಕನಕುರಿ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಬಿಸಿಲಿಗೆ ಬಸವಳಿದು, ಯಾರಿಗೂ ಹೇಳದೆ ದಾರಿ ಮಧ್ಯೆ ಕಣ್ಮರೆಯಾಗಿ ಹೆಸರಾದವರು ಇವರೇ. 1967ರಲ್ಲಿ ಸ್ವೀಡನ್ ಅವರನ್ನು ಕರೆಸಿಕೊಂಡು ಆ ಓಟವನ್ನು ವಿನೋದಕ್ಕಾಗಿ ಪೂರ್ಣಗೊಳಿಸಿತು. ತಗಲಿದ ಕಾಲ 54 ವರ್ಷಕ್ಕೂ ಮಿಕ್ಕಿತ್ತು. ಕನಕುರಿಯವರ ನಿಜವಾದ ಸಾಧನೆ ಬೇರೆ. ಅವರ ಶ್ರಮದಿಂದ 1920ರಲ್ಲಿ ಆರಂಭವಾದ ಹಕೋನೆ ಎಕಿಡೆನ್ ಎಂಬ ವಿದ್ಯಾರ್ಥಿಗಳ ರಿಲೇ ಓಟ ಇಂದಿಗೂ ಹೊಸ ವರ್ಷದ ಆರಂಭದಲ್ಲಿ ನಡೆಯುತ್ತಿದ್ದು, ಜಪಾನಿನ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ನೋಡುವ ಹಬ್ಬವಾಗಿದೆ. ಒಂದೇ ಮಳೆಯಲ್ಲಿ ನೆನೆದು, ಎರಡೇ ನಿಮಿಷದ ಅಂತರದಲ್ಲಿ ಬಂದ ಇಬ್ಬರು ಏಷ್ಯನ್ನರು. ಒಬ್ಬರ ಹಿಂದೆ ಒಂದು ದೇಶವೇ ಓಡಲು ಕಲಿಯಿತು. ಇನ್ನೊಬ್ಬರ ಹಿಂದೆ ದಾರಿ ಬಹುಕಾಲ ಬರಿದಾಗಿಯೇ ಉಳಿಯಿತು.

ಹಾಗೆಂದು ಆಂಟ್ವರ್ಪ್ ಪ್ರಯಾಣ ವ್ಯರ್ಥವಾಯಿತೆನ್ನಲಾಗದು. ದೊರಾಬ್ಜಿ ಟಾಟಾ ಹಿಂಜರಿಯಲಿಲ್ಲ. 1924ರ ಪ್ಯಾರಿಸ್ ಕೂಟಕ್ಕೆ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಗಿ ಟಾಟಾ ಅವರೇ ಮೊದಲ ಅಧ್ಯಕ್ಷರಾದರು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಾಕಿ ಚಿನ್ನ ಬಂತು. ದೇಶದ ಕಣ್ಣು ಹಾಕಿಯ ಕಡೆ ಹೊರಳಿತು. ಬೆಳಗಾವಿಯೂ ಮುಂದೆ ಒಲಿಂಪಿಕ್ ಹಾಕಿ ಆಟಗಾರನನ್ನು ಕೊಟ್ಟ ಊರೇ. 1964ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲರು ಇಲ್ಲಿಯವರು.

ಮ್ಯಾರಥಾನ್‌ನಲ್ಲಿ ಮಾತ್ರ ಚೌಗುಲೆಯವರ 19ನೇ ಸ್ಥಾನವನ್ನು ಮೀರಿಸಲು ಭಾರತ 56 ವರ್ಷ ಕಾಯಬೇಕಾಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶಿವನಾಥ ಸಿಂಗ್ 11ನೆಯವರಾಗಿ ಬಂದರು.

ಚೌಗುಲೆಯವರು ನಿಧನರಾದದ್ದು 1952ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಕರಾಡ ಬಳಿಯ ಕುಸ್ತಿಪಟು ಖಾಶಾಬಾ ಜಾಧವ್ ಅಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಪದಕ ಅದು. ದಿಲ್ಲಿಯ ಕಡೆಯ ಸೂರತ್ ಸಿಂಗ್ ಮಾಥುರ್ ಅಲ್ಲಿನ ಮ್ಯಾರಥಾನನ್ನು 2 ಗಂಟೆ 58 ನಿಮಿಷದಲ್ಲಿ ಮುಗಿಸಿ 52ನೆಯವರಾದರು. 32 ವರ್ಷ ಹಿಂದೆ ಚೌಗುಲೆಯವರು ಹೆಚ್ಚಿನ ದೂರವನ್ನು ಅದಕ್ಕಿಂತ ಏಳು ನಿಮಿಷ ಕಡಿಮೆ ಕಾಲದಲ್ಲಿ ಓಡಿದ್ದರು. ಹೆಲ್ಸಿಂಕಿಯ ಉದ್ಘಾಟನೆಯ ದಿನ ಕ್ರೀಡಾಂಗಣದ ಎತ್ತರದ ಗೋಪುರದ ಮೇಲೆ ಜ್ಯೋತಿ ಬೆಳಗಿದವರು, ಕೂದಲು ನರೆತಿದ್ದ ಹಾನೆಸ್ ಕೋಲೆಹ್‌ಮೈನೆನ್. ಆಂಟ್ವರ್ಪ್‌ನ ಮಳೆಯಲ್ಲಿ ಬೆಳಗಾವಿಯ ಹುಡುಗನಿಗಿಂತ 18 ನಿಮಿಷ ಮುಂದೆ ಓಡಿದ್ದವರು.