ಸಂವಿಧಾನದ ಮೊದಲ ಕರಡು ಬರೆದ ಬಿ.ಎನ್. ರಾವ್

ನಮ್ಮ ಸಿಲೆಬಸ್‌ನಲ್ಲಿ ಭಾರತದ ಸಂವಿಧಾನ ಅಂತ ಒಂದು ಪೇಪರ್ ಇದೆ. ಕ್ರೆಡಿಟ್ ಕಡಿಮೆ, ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸೋದು ವಾಡಿಕೆ. ಸಂವಿಧಾನ ಬರೆದವರು ಯಾರು ಅಂದ್ರೆ ನಾವೆಲ್ಲ ಡಾ. ಬಿ.ಆರ್. ಅಂಬೇಡ್ಕರ್ ಅಂತೀವಿ. ಅದು ಸರಿಯೇ. ಆದರೆ ಅಂಬೇಡ್ಕರ್ ಅವರೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ತಮಗೆ ಸಿಗುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ಸರ್ ಬಿ.ಎನ್. ರಾವ್ ಅವರಿಗೆ ಸೇರಬೇಕು ಅಂತ ಹೆಸರು ಹಿಡಿದು ಹೇಳಿದ್ದರು. ಈ ರಾವ್ ದೂರದವರೇನಲ್ಲ, ಮಂಗಳೂರಿನವರು. 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮುಂಬೈ ಪ್ರಾಂತಕ್ಕೆ ಸೇರಿಸುವ ಮೊದಲು ಹಳಿಯಾಳವೂ ಮಂಗಳೂರೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು. ಮನೆಮಾತು ಕೊಂಕಣಿ, ತಂದೆ ಡಾಕ್ಟರ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮೆಟ್ರಿಕ್‌ನಲ್ಲಿ ಇಡೀ ಮದ್ರಾಸ್ ಪ್ರಾಂತಕ್ಕೆ ಮೊದಲಿಗರಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್, ಫಿಸಿಕ್ಸ್, ಸಂಸ್ಕೃತ, ಆಮೇಲೆ ಗಣಿತ. ಫಿಸಿಕ್ಸ್ ಮತ್ತು ಮ್ಯಾಥ್ಸ್ ಓದಿದವರಿಗೆ ಕಾನೂನು ಯಾಕೆ ಅನ್ನೋರಿಗೆ ಇವರ ಬದುಕೇ ಉತ್ತರ. ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಡ್ಜ್‌ಗೆ ಹೋಗಿ, ಐಸಿಎಸ್ ಪಾಸಾಗಿ, 1910ರಲ್ಲಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. 1935ರ ಭಾರತ ಸರ್ಕಾರ ಕಾಯ್ದೆ ಬಂದಮೇಲೆ ದೇಶದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ತಕ್ಕಂತೆ ಪರಿಷ್ಕರಿಸುವ ಕೆಲಸ ಅವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ ಸಿಕ್ಕಿತು, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಇಂಜಿನಿಯರಿಂಗ್ ಓದುವ ನಮಗೆ ಹತ್ತಿರವಾಗೋದು ಅವರ ಸಿಂಧೂ ಆಯೋಗದ ಕೆಲಸ. ಮೇಲಿರುವ ಪಂಜಾಬ್ ಅಣೆಕಟ್ಟು ಕಟ್ಟಿದರೆ ಕೆಳಗಿರುವ ತನಗೆ ನೀರು ಸಾಲಲ್ಲ ಅಂತ ಸಿಂಧ್ ಪ್ರಾಂತ ದೂರು ಕೊಟ್ಟಿತ್ತು. 1941ರಲ್ಲಿ ರಾವ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು, ಜೊತೆಗೆ ಇಬ್ಬರು ಚೀಫ್ ಇಂಜಿನಿಯರ್‌ಗಳು. ನದಿ ಹುಟ್ಟಿದ ಕಡೆಯವರೇ ಅದರ ಒಡೆಯರಲ್ಲ, ಕೆಳಗಿನವರೂ ಪೂರ್ತಿ ತಮ್ಮದು ಅನ್ನೋ ಹಾಗಿಲ್ಲ, ಪ್ರತಿ ಪ್ರಾಂತಕ್ಕೂ ನ್ಯಾಯವಾದ ಪಾಲು ಸಿಗಬೇಕು ಅನ್ನೋ ತತ್ವವನ್ನು 1942ರ ವರದಿ ಎತ್ತಿ ಹಿಡಿಯಿತು. ನಮ್ಮ ಕಾಳಿ ನದಿ ಜೋಯಿಡಾ ಕಾಡಿನಲ್ಲಿ ಹುಟ್ಟಿ, ದಾಂಡೇಲಿ ದಾಟಿ, ಇದೇ ಜಿಲ್ಲೆಯ ಕಾರವಾರದಲ್ಲಿ ಸಮುದ್ರ ಸೇರುತ್ತೆ, ಹಾಗಾಗಿ ರಾಜ್ಯಗಳ ಜಗಳ ಇಲ್ಲ. ಪಕ್ಕದ ಖಾನಾಪುರದಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕೆ ಹರಿಯುತ್ತೆ. ಅಲ್ಲಿ ಇವತ್ತಿಗೂ ಅದೇ ಪ್ರಶ್ನೆ.

ಅದೇ ಕಾಲದಲ್ಲಿ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ, ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕು ಅಂತ ಶಿಫಾರಸು ಮಾಡಿದರು. 1944-45ರಲ್ಲಿ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ಸಂಬಳ ತಗೊಳ್ಳಲಿಲ್ಲ.

ರಾವ್ ಸಭೆಯ ಸದಸ್ಯರಲ್ಲ, ಅವರಿಗೆ ಅಲ್ಲಿ ಮತವೂ ಇರಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನ ಓದಿ, ಸದಸ್ಯರಿಗೆ ಟಿಪ್ಪಣಿ ಬರೆದುಕೊಟ್ಟು, 1947ರ ಅಕ್ಟೋಬರ್ ಹೊತ್ತಿಗೆ 243 ವಿಧಿ ಮತ್ತು 13 ಅನುಸೂಚಿಗಳ ಮೊದಲ ಕರಡು ಸಿದ್ಧ ಮಾಡಿದರು. ಅದನ್ನು ಕೈಗೆತ್ತಿಕೊಂಡ ಅಂಬೇಡ್ಕರ್ ಸಮಿತಿ ತಿದ್ದಿ ಬೆಳೆಸಿತು, ಸಭೆ ಸಾಲು ಸಾಲಾಗಿ ಚರ್ಚಿಸಿತು. ಕೊನೆಗೆ ಅಂಗೀಕಾರವಾದದ್ದು 395 ವಿಧಿ, 8 ಅನುಸೂಚಿ. ಅಂದ್ರೆ ರಾವ್ ಹಾಕಿದ್ದು ಬುನಾದಿ. ಇಡೀ ಕಟ್ಟಡ ಅವರೊಬ್ಬರದೇ ಅನ್ನೋದೂ ತಪ್ಪು, ಬುನಾದಿಯನ್ನ ಮರೆಯೋದೂ ತಪ್ಪು.

ಕರಡು ಮುಗಿಸಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿನ ತಜ್ಞರ ಸಲಹೆ ಕೇಳಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆಗಿನ ಮಾತುಕತೆ ನಮ್ಮೆಲ್ಲರ ಬದುಕನ್ನು ಮುಟ್ಟುವಂಥದ್ದು. ಯಾರ ಸ್ವಾತಂತ್ರ್ಯವನ್ನೂ ಡ್ಯೂ ಪ್ರೊಸೆಸ್ ಇಲ್ಲದೆ ಕಿತ್ತುಕೊಳ್ಳಬಾರದು ಅಂತ ಆಗ ಯೋಚಿಸಲಾಗಿತ್ತು. ಅಂದ್ರೆ ಕಾನೂನು ಇದೆಯಾ ಅಂತ ಮಾತ್ರ ಅಲ್ಲ, ಆ ಕಾನೂನು ನ್ಯಾಯವಾಗಿದೆಯಾ ಅಂತಲೂ ಕೋರ್ಟ್ ನೋಡಬಹುದು. ಇದು ಬೇಡ, ನ್ಯಾಯಾಧೀಶರ ಕೈಗೆ ವಿಪರೀತ ಅಧಿಕಾರ ಹೋಗುತ್ತೆ ಅನ್ನೋದು ಫ್ರಾಂಕ್‌ಫರ್ಟರ್ ಸಲಹೆ. ರಾವ್ ಒಪ್ಪಿದರು. ಸಮಿತಿ ಆ ಪದ ತೆಗೆದು, ಕಾನೂನು ಗೊತ್ತುಮಾಡಿದ ಕಾರ್ಯವಿಧಾನ ಅನ್ನೋ ಮಾತನ್ನು ಹಾಕಿತು. ಅದೇ ಇವತ್ತಿನ 21ನೇ ವಿಧಿ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಎರರ್ ಇಲ್ಲದೆ ಕಂಪೈಲ್ ಆಯ್ತಾ ಅನ್ನೋದು ಒಂದು ಪ್ರಶ್ನೆ, ಉತ್ತರ ಸರಿ ಬಂತಾ ಅನ್ನೋದು ಇನ್ನೊಂದು. ಹೊಸ ಪದದ ಪ್ರಕಾರ ಕೋರ್ಟ್ ಮೊದಲನೆಯದನ್ನು ಮಾತ್ರ ಕೇಳಬಹುದಿತ್ತು.

ರಾವ್ ಹಾಗೆ ಯಾಕೆ ಮಾಡಿದರು? ಅವರ ಕಾರಣ ಸಣ್ಣದಲ್ಲ. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ತಾಸಿಗಿಂತ ಹೆಚ್ಚು ದುಡಿಸಬಾರದು ಅನ್ನೋ ನ್ಯೂಯಾರ್ಕ್ ಕಾನೂನನ್ನು 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಪದದ ಬಲದಿಂದ ಹೊಡೆದುಹಾಕಿತ್ತು. ದಾಂಡೇಲಿಯಲ್ಲಿ ಮಿಲ್ಲಿನ ಪಾಳಿ ಮುಗಿಸಿ ಹೊರಬರುವವರನ್ನ ನೋಡಿದವರಿಗೆ ಇದರ ಅರ್ಥ ಗೊತ್ತಾಗುತ್ತೆ. ಕೆಲಸದ ಗಂಟೆ ಮಿತಿಗೊಳಿಸುವ ಕಾನೂನನ್ನೇ ನಾಲ್ಕೈದು ನ್ಯಾಯಾಧೀಶರು ರದ್ದು ಮಾಡಿದರೆ ಬಡವರು ಎಲ್ಲಿಗೆ ಹೋಗಬೇಕು? ಜನ ಆರಿಸಿದ ಸಂಸತ್ತನ್ನೇ ನಂಬೋಣ ಅಂತ ರಾವ್ ನಿರ್ಧರಿಸಿದರು.

ಬೆಲೆ ತೆತ್ತವರು ಜೈಲಿನಲ್ಲಿದ್ದವರು. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ವಿಚಾರಣೆಯಿಲ್ಲದ ತಮ್ಮ ಬಂಧನವನ್ನು ಪ್ರಶ್ನಿಸಿದಾಗ, ಸಂಸತ್ತು ಕಾನೂನು ಮಾಡಿದೆ, ಅದು ನ್ಯಾಯವೋ ಅಲ್ಲವೋ ನಾವು ನೋಡಲ್ಲ ಅನ್ನೋ ನಿಲುವನ್ನು ಸುಪ್ರೀಂ ಕೋರ್ಟ್ ತಗೊಂಡಿತು. ಎಮರ್ಜೆನ್ಸಿ ಕಾಲದಲ್ಲಿ, 1976ರಲ್ಲಿ, ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೇ ಸದ್ಯಕ್ಕಿಲ್ಲ ಅಂತ ಐವರಲ್ಲಿ ನಾಲ್ವರು ನ್ಯಾಯಾಧೀಶರು ತೀರ್ಪು ಕೊಟ್ಟರು. ಸಂಸ್ಕಾರ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾ ಇದ್ದರೂ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಇದಕ್ಕೆಲ್ಲ ರಾವ್ ಒಪ್ಪಿದ ಒಂದು ಪದವೇ ಕಾರಣ ಅನ್ನೋದು ಅನ್ಯಾಯ. ಆದರೆ ಆ ಪದ ಇದ್ದಿದ್ದರೆ ಗೋಪಾಲನ್ ಅವರ ಪ್ರಶ್ನೆಗೆ ಕೋರ್ಟ್ ಉತ್ತರ ಕೊಡಲೇಬೇಕಿತ್ತು.

ಇದನ್ನೆಲ್ಲ ನೋಡಲು ರಾವ್ ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿ ಕೆಲಸ ಮಾಡಿ, 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ.

ಬಿಟ್ಟುಹೋದ ಪದ ಹಿಂಬಾಗಿಲಿನಿಂದ ವಾಪಸ್ ಬಂತು. 1978ರ ಜನವರಿಯಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸಿನಲ್ಲಿ, ಕಾರ್ಯವಿಧಾನ ಅಂದ್ರೆ ಏನೋ ಒಂದು ವಿಧಾನ ಅಲ್ಲ, ಅದು ನ್ಯಾಯವಾಗಿ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ವಿಧಿಯ ಒಂದಕ್ಷರವೂ ಬದಲಾಗಲಿಲ್ಲ, ಅರ್ಥ ಬದಲಾಯಿತು.

ಕಾನೂನು ಮತ್ತು ನ್ಯಾಯ ಒಂದೇ ಅಲ್ಲ ಅಂತ ರಾವ್‌ಗೆ ಗೊತ್ತಿರಲಿಲ್ಲ ಅಂತ ನಮಗೆ ಅನಿಸಲ್ಲ. ಆ ಎರಡರ ನಡುವಿನ ಅಂತರವನ್ನು ಸಂಸತ್ತು ತುಂಬುತ್ತೆ ಅಂತ ಅವರು ನಂಬಿದರು. ಸಂಸತ್ತೇ ತಪ್ಪಿದಾಗ ಏನು ಅನ್ನೋ ಪ್ರಶ್ನೆ ಉಳಿಯಿತು. ಅದೇ 21ನೇ ವಿಧಿ ಮಾತಾಡೋದು ಪ್ರಜೆಯ ಬಗ್ಗೆ ಅಲ್ಲ, ವ್ಯಕ್ತಿಯ ಬಗ್ಗೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿರುವ, ಭಾರತದ ಪೌರತ್ವ ಇಲ್ಲದ ಅಜ್ಜನಿಗೂ ಅದರ ರಕ್ಷಣೆ ಇದೆ. ಓಟು ಹಾಕಿ ಸಂಸತ್ತನ್ನು ಬದಲಿಸೋ ಶಕ್ತಿ ಆ ಅಜ್ಜನಿಗಿಲ್ಲ. ಕೋರ್ಟ್ ನ್ಯಾಯ ಅನ್ಯಾಯ ನೋಡಲೇಬೇಕು ಅಂತ ನಾವು ಅನ್ನೋದು ಅದಕ್ಕೇ.